ಒಂದೇ ಬ್ಲಾಕ್, ಮೂರು ಜೋಡಣೆ: ನನ್ನ ವೋಟು ನೇರ ಸಾಲಿಗೆ

ಮೊದಲೇ ಹೇಳಿಬಿಡುತ್ತೇನೆ. ಲಾಗ್ ಕ್ಯಾಬಿನ್ ಬ್ಲಾಕ್ (ನಡುವಿನ ಚೌಕದ ಸುತ್ತ ಪಟ್ಟಿ ಹೊಲಿದು ಮಾಡುವ ಬಟ್ಟೆಯ ಚೌಕ) ಹೊಲಿದು ಕ್ವಿಲ್ಟ್ (ನಮ್ಮ ಕೌದಿಯಂಥ ಹೊದಿಕೆ) ಮಾಡುವುದಾದರೆ ಬ್ಲಾಕುಗಳನ್ನು ನೇರವಾಗಿ ಒಂದರ ಪಕ್ಕ ಒಂದು ಇಡಿ, ಸುಮ್ನೆ ತಿರುಗಿಸಿ ತಿರುಗಿಸಿ ಡಿಸೈನ್ ಹುಡುಕಿ. ಎರಡು ವರ್ಷದಲ್ಲಿ ಇದೇ ಬ್ಲಾಕಿನಿಂದ ಮೂರು ಕ್ವಿಲ್ಟ್ ಮಾಡಿದೆ. ಮೊದಲನೆಯದರಲ್ಲಿ ಬ್ಲಾಕುಗಳನ್ನು ಶಂಕರಪೋಳಿ ಹಾಗೆ ಓರೆಯಾಗಿ ನಿಲ್ಲಿಸಿದೆ, ಎರಡನೆಯದರಲ್ಲಿ ನಡುವೆ ಪಟ್ಟಿ ಕೊಟ್ಟೆ, ಮೂರನೆಯದು ನೇರ. ಈಗ ಮಂಚದ ಮೇಲಿರುವುದು ಮೂರನೆಯದು.

ನನ್ನ ಬ್ಲಾಕು ಹೊಲಿದ ಮೇಲೆ 9 ಇಂಚು. ನಡುವೆ ಒಂದು ಇಂಚಿನ ಕೆಂಪು ಚೌಕ, ಅದರ ಸುತ್ತ ನಾಲ್ಕು ಸುತ್ತು ಪಟ್ಟಿ, ಒಟ್ಟು 17 ತುಂಡು. ಎರಡು ಪಕ್ಕ ತಿಳಿ ಬಣ್ಣ, ಎರಡು ಪಕ್ಕ ಗಾಢ ಬಣ್ಣ. ಹಾಗಾಗಿ ಬ್ಲಾಕು ಮೂಲೆಯಿಂದ ಮೂಲೆಗೆ ಎರಡು ಭಾಗವಾಗಿ ಕಾಣುತ್ತದೆ. ಈ ಬ್ಲಾಕಿನ ಶಕ್ತಿಯೆಲ್ಲ ಅಲ್ಲೇ ಇದೆ.

ಓರೆ ಜೋಡಣೆಗೆ ನಾನು ಮರುಳಾಗಿದ್ದು ಒಂದು ಫೋಟೋ ನೋಡಿ. ಬ್ಲಾಕು ಮೂಲೆಯ ಮೇಲೆ ನಿಂತಾಗ ಆ ಓರೆ ಗೆರೆ ನೆಟ್ಟಗೆ ನಿಲ್ಲುತ್ತದೆ, ಅರ್ಧ ಬೆಳಕು ಅರ್ಧ ನೆರಳು, ನೋಡಲು ನಿಜಕ್ಕೂ ಚೆಂದ. ಇನ್ನೊಂದು ಲಾಭ, 9 ಇಂಚಿನ ಬ್ಲಾಕು ಓರೆಯಾದರೆ ಸುಮಾರು 12¾ ಇಂಚು ಜಾಗ ಹಿಡಿಯುತ್ತದೆ. 32 ಬ್ಲಾಕಿಗೇ 51 ಇಂಚು ಅಗಲ, 63½ ಇಂಚು ಉದ್ದ ಸಿಕ್ಕಿತು. ಆದರೆ ಅಂಚಿನಲ್ಲಿ ಹಲ್ಲು ಹಲ್ಲಾಗಿ ಉಳಿಯುವ ಜಾಗಕ್ಕೆ 14 ತ್ರಿಕೋನ ಬೇಕು, ನಾಲ್ಕು ಮೂಲೆಗೆ ಇನ್ನೂ ನಾಲ್ಕು. ಲೆಕ್ಕ ಹಾಕುವ ತಲೆನೋವು ಬೇಡ ಎಂದು ತ್ರಿಕೋನ ಕತ್ತರಿಸಿಯೇ ಕೊಡುವ ಒಂದು ಕಿಟ್ ಆನ್‌ಲೈನ್‌ನಲ್ಲಿ ತರಿಸಿದೆ.

ಕೆಟ್ಟಿದ್ದು ಅಲ್ಲೇ. ಹೊಲಿಯುವಾಗ ಏನೂ ಗೊತ್ತಾಗಲಿಲ್ಲ. ಎಲ್ಲಾ ಸಾಲು ಕೂಡಿಸಿ ನೆಲಕ್ಕೆ ಹಾಸಿದರೆ ನಡುವೆ ಮಟ್ಟಸ, ಅಂಚು ಮಾತ್ರ ಹಪ್ಪಳದ ಹಾಗೆ ಅಲೆ ಅಲೆ. ನಡುವೆ ಅಳೆದರೆ 51, ಕೆಳಗಿನ ಅಂಚು ಅಳೆದರೆ 53. ಇಸ್ತ್ರಿ ಹಾಕಿದರೆ ಸರಿಹೋಗಬಹುದು ಅಂದುಕೊಂಡು ಉಗಿ ಹಾಕಿ ಎಳೆದೆ, ಇನ್ನೂ ಜಾಸ್ತಿಯಾಯಿತು. ನಮ್ಮ ಧಾರವಾಡದ ಓಣಿಯ ಟೇಲರ್ ಕೈಯಲ್ಲಿ ಹಿಡಿದು ಒಂದೇ ಸಲ ಎಳೆದು ನೋಡಿ ಹೇಳಿದರು: "ಇದು ಕ್ರಾಸ್ ಐತ್ರಿ ಅಕ್ಕಾರ, ಹಿಡದಂಗ ಹಿಡದಂಗ ಎಳಕೋತೈತಿ."

ವಿಷಯ ಇಷ್ಟೇ. ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಒಂದೇ ಸಲ ಕತ್ತರಿಸಿದರೆ ಎರಡು ತ್ರಿಕೋನ ಬರುತ್ತವೆ, ಅವುಗಳ ಉದ್ದ ಬದಿ ಕ್ರಾಸ್, ಅಂದರೆ ನೇಯ್ಗೆಯ ಎಳೆಗೆ ಓರೆಯಾಗಿರುತ್ತದೆ. ಎರಡು ಸಲ ಕತ್ತರಿಸಿ ನಾಲ್ಕು ಮಾಡಿದರೆ ಉದ್ದ ಬದಿ ಎಳೆಗೆ ನೇರ. ಅಂಚಿಗೆ ಹಾಕುವ ತ್ರಿಕೋನದ ಉದ್ದ ಬದಿಯೇ ಕ್ವಿಲ್ಟಿನ ಹೊರಗಡೆ ಬರುವುದು, ಅದು ನೇರ ಎಳೆಯದ್ದೇ ಇರಬೇಕು. ಕಿಟ್‌ನವರು 14 ತ್ರಿಕೋನವನ್ನೂ ಮೊದಲನೇ ರೀತಿ ಕತ್ತರಿಸಿದ್ದರು. ಅಳತೆ ಸರಿ, ಆಕಾರ ಸರಿ, ಎಳೆ ಮಾತ್ರ ತಪ್ಪು. ಬಟ್ಟೆ ಕೈಗೆ ಬಂದಾಗ ಇದು ಕಣ್ಣಿಗೆ ಕಾಣುವುದೇ ಇಲ್ಲ, ನೇಯ್ಗೆಯನ್ನು ಹತ್ತಿರ ಹಿಡಿದು ನೋಡಬೇಕು. ನನಗೆ ಬಹಳ ಸಿಟ್ಟು ಬಂತು, ಯಾಕೆಂದರೆ ಆ 32 ಬ್ಲಾಕಿಗೆ ನನ್ನ ಒಂದು ಮಳೆಗಾಲ ಪೂರ್ತಿ ಹೋಗಿತ್ತು.

ಟೇಲರ್ ಅಂಚಿನಲ್ಲಿ ಒಂದು ಸಾಲು ಹೊಲಿಗೆ ಹಾಕಿ ದಾರ ಸ್ವಲ್ಪ ಎಳೆದು ಕೊಟ್ಟರು, ಆಮೇಲೆ ನಾನು ಬಾರ್ಡರ್ ಪಟ್ಟಿಯನ್ನು ನಡುವಿನ ಅಳತೆಗೆ ಕತ್ತರಿಸಿ, ಪಿನ್ ಹಾಕಿ ಹಾಕಿ ಹೊಲಿದೆ. ಮುಕ್ಕಾಲು ಭಾಗ ಸರಿಹೋಯಿತು. ನೀವು ಓರೆಯೇ ಮಾಡುವುದಾದರೆ ತ್ರಿಕೋನ ನೀವೇ ಕತ್ತರಿಸಿ. ಬ್ಲಾಕಿನ ಅಳತೆಯನ್ನು 1.414ರಿಂದ ಗುಣಿಸಿ 1¼ ಇಂಚು ಕೂಡಿಸಿ. 9 ಇಂಚಿನ ಬ್ಲಾಕಿಗೆ 14 ಇಂಚಿನ ಚೌಕ, ಅದರಲ್ಲಿ ನಾಲ್ಕು ತ್ರಿಕೋನ. ಮೂಲೆಗಳಿಗೆ 7¼ ಇಂಚಿನ ಚೌಕ, ಅದರಲ್ಲಿ ಎರಡೇ.

ನಡುಪಟ್ಟಿ ಜೋಡಣೆ ಸುಲಭ. 30 ಬ್ಲಾಕು, ನಡುವೆಯೂ ಹೊರಗಿನ ಸುತ್ತಲೂ ಎರಡು ಇಂಚಿನ ಪಟ್ಟಿ, 57ಕ್ಕೆ 68 ಇಂಚು ಬಂತು. ಬ್ಲಾಕುಗಳು ಚೂರು ಹೆಚ್ಚುಕಡಿಮೆ ಇದ್ದರೂ ಪಟ್ಟಿ ಮುಚ್ಚಿಹಾಕುತ್ತದೆ. ಆದರೆ ಲಾಗ್ ಕ್ಯಾಬಿನ್‌ಗೆ ಮಾತ್ರ ಇದು ಬೇಡವೇ ಬೇಡ, ಒಂದು ಬ್ಲಾಕಿನ ಗಾಢ ಭಾಗ ಪಕ್ಕದ ಬ್ಲಾಕಿನ ಗಾಢ ಭಾಗಕ್ಕೆ ತಾಕದಿದ್ದರೆ ದೊಡ್ಡ ಡಿಸೈನ್ ಹುಟ್ಟುವುದೇ ಇಲ್ಲ. ಕಿಟಕಿಗಳ ಸಾಲು ನೋಡಿದ ಹಾಗಾಯಿತು. ಅತ್ತೆಯವರಿಗೆ ಇದೇ ಇಷ್ಟವಾಯಿತು, ಅವರ ಹತ್ತಿರವೇ ಇದೆ.

ಇನ್ನು ನನ್ನ ನೇರ ಜೋಡಣೆ. 6 ಅಡ್ಡ, 8 ಉದ್ದ, 48 ಬ್ಲಾಕು, 54ಕ್ಕೆ 72 ಇಂಚು. ಬ್ಲಾಕು ಜಾಸ್ತಿ ಬೇಕು, ಅದು ನಿಜ. ಆದರೆ ಒಂದು ಹೆಚ್ಚಿನ ಚೂರು ಬಟ್ಟೆ ಕೊಳ್ಳದೆ ಎಷ್ಟು ಡಿಸೈನ್ ಬರುತ್ತವೆ ಗೊತ್ತಾ? ಎಲ್ಲ ಓರೆ ಗೆರೆಗಳೂ ಒಂದೇ ಕಡೆಗೆ ಹರಿಯುವ ಹಾಗೆ ಇಟ್ಟರೆ ನೇಗಿಲ ಸಾಲು, ಅಮೆರಿಕದವರೂ ಅದನ್ನು ಸ್ಟ್ರೇಟ್ ಫರೋ ಎಂದೇ ಕರೆಯುತ್ತಾರೆ. ನಡುವಿನಿಂದ ಒಂದರ ಹೊರಗೊಂದು ವಜ್ರ ಬರುವಂತೆ ತಿರುಗಿಸಿದರೆ ಬಾರ್ನ್ ರೇಝಿಂಗ್. ಊರಿನವರೆಲ್ಲ ಸೇರಿ ಒಬ್ಬರ ಕೊಟ್ಟಿಗೆ ಎತ್ತಿ ನಿಲ್ಲಿಸುವ ಪದ್ಧತಿಯ ಹೆಸರು ಅದು. 1860ರ ದಶಕದಿಂದ ಅಲ್ಲಿನ ಹೆಂಗಸರು ಈ ಬ್ಲಾಕನ್ನು ಹೀಗೆ ತಿರುಗಿಸುತ್ತಾ ಬಂದಿದ್ದಾರೆ. ನಮ್ಮ ಅಜ್ಜಿಯ ಕೌದಿಯಲ್ಲಿ ಬ್ಲಾಕು ಎಂಬುದೇ ಇರಲಿಲ್ಲ, ಸಿಕ್ಕ ತುಂಡನ್ನು ಸಿಕ್ಕ ಕಡೆ ಇಟ್ಟು ಹೊಲಿಯುತ್ತಿದ್ದರು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯಾದ ಕವಂದಿಯನ್ನು ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ. ಅದು ಬೇರೆಯೇ ವಿದ್ಯೆ, ಅದನ್ನೂ ಕಲಿಯುವ ಆಸೆ ಇದೆ.

ಒಂದು ಎಚ್ಚರ ಬೇಕು. ನೇರ ಜೋಡಣೆಯಲ್ಲಿ ಮೂಲೆಗೆ ಮೂಲೆ ಕೂಡಲೇಬೇಕು. ಒಂದು ಬ್ಲಾಕಿನಲ್ಲಿ ಅಡ್ಡಕ್ಕೆ ಎಂಟು ಹೊಲಿಗೆ, ಒಂದೊಂದರಲ್ಲಿ ಒಂದು ನೂಲು ತಪ್ಪಿದರೂ ಕೊನೆಗೆ ಕಣ್ಣಿಗೆ ಕಾಣುವಷ್ಟು ಕಡಿಮೆ ಬರುತ್ತದೆ. ಪ್ರತಿ ಬ್ಲಾಕನ್ನೂ 9½ ಇಂಚಿಗೆ (ಜೋಡಿಸುವಾಗ ಹೊಲಿಗೆಯೊಳಗೆ ಹೋಗುವ ಅರ್ಧ ಇಂಚು ಸೇರಿ) ಅಳೆದೇ ಪಕ್ಕಕ್ಕಿಡಿ.

ನನಗೆ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಸಿಗುತ್ತದೆ, ಅಷ್ಟರಲ್ಲಿ ಒಂದು ಬ್ಲಾಕು. ದೊಡ್ಡ ಟೇಬಲ್ ಇಲ್ಲ, ಬಟ್ಟೆಯನ್ನು ಅರ್ಧ ಮೀಟರ್, ಅರ್ಧ ಮೀಟರ್ ಕೊಳ್ಳುತ್ತೇನೆ. ಇಂಥವರಿಗೆ ನೇರ ಜೋಡಣೆಯೇ ಸರಿ, ಅಲ್ವಾ? 48 ಆದ ಮೇಲೆ ಹಳೇ ಕಂಬಳಿ ಮೇಲೆ ಹರಡಿ, ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ತಿಳಿ ಗಾಢ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಬಣ್ಣದ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಉಲ್ಟಾ ಕೂತ ಒಂದು ಬ್ಲಾಕು ನನಗೆ ಸಿಕ್ಕಿದ್ದು ಹಾಗೇ, ಮೂರನೇ ಸಾಲಿನಲ್ಲಿ, ಹೊಲಿಯುವ ಮುಂಚೆ.