ಲ್ಯಾಮಿಂಗ್ಟನ್ ರಸ್ತೆಯ ನೀಲಿ ಬೋರ್ಡು: ಕೊಳ್ಳುವ ಮೊದಲು ಇದನ್ನು ಓದಿ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಯ ತಾರಸಿ ಟ್ಯಾಂಕು ತುಂಬಿದೊಡನೆ ಪಂಪು ತಾನಾಗಿ ನಿಲ್ಲುವಂತೆ ಮಾಡಿಕೊಡುತ್ತೇನೆಂದು ಸಭೆಯಲ್ಲಿ ಎದ್ದು ನಿಂತು ಹೇಳಿದವನು ನಾನೇ. ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರಸ್ತೆಯ ಒಂದು ಗೂಡಂಗಡಿಯಲ್ಲಿ ಐದು ‘ಬ್ಲೂ ಪಿಲ್’ ಬೋರ್ಡುಗಳನ್ನು, ಅಂದರೆ ಪ್ರೋಗ್ರಾಂ ಮಾಡಬಲ್ಲ ಚಿಪ್ಪಿರುವ ಪುಟ್ಟ ನೀಲಿ ಬೋರ್ಡುಗಳನ್ನು, ಕೊಂಡೆ. ಚಿಪ್ಪಿನ ಮೇಲೆ ಎಸ್‌ಟಿಎಂ32ಎಫ್103ಸಿ8ಟಿ6 ಎಂದು ಸ್ಪಷ್ಟವಾಗಿಯೇ ಬರೆದಿತ್ತು.

ಅಂದು ಸಂಜೆಯೇ ಚಿಪ್ಪಿನ ತಯಾರಕರ ತಂತ್ರಾಂಶ ಇದು ನಮ್ಮ ಚಿಪ್ಪಲ್ಲ ಎಂದು ಡಿಬಗ್ ಮಾಡಲು ಒಪ್ಪಲಿಲ್ಲ. ಓಪನ್‌ಓಸಿಡಿ ಎಂಬ ಇನ್ನೊಂದು ಉಚಿತ ತಂತ್ರಾಂಶ ಕಾರಣವನ್ನೂ ಹೇಳಿತು: ಇರಬೇಕಾದ ಗುರುತು ಸಂಖ್ಯೆ 1ಬಿಎ01477, ಸಿಕ್ಕಿದ್ದು 2ಬಿಎ01477. ಒಂದೇ ಒಂದು ಅಂಕಿಯ ವ್ಯತ್ಯಾಸ! ಸಂರಚನಾ ಕಡತದಲ್ಲಿ ಆ ಅಂಕಿಯನ್ನು ತಿದ್ದಿದೆ. ಪ್ರೋಗ್ರಾಂ ಇಳಿಯಿತು, ಎಲ್‌ಇಡಿ ಮಿನುಗಿತು. ಆ ರಾತ್ರಿ ಡೊಂಬಿವಲಿಯಲ್ಲಿ ನನ್ನಷ್ಟು ಜಾಣ ಇನ್ನೊಬ್ಬನಿರಲಿಲ್ಲ.

ಚಿಪ್ಪಿನ ನೆತ್ತಿಯ ಮೇಲೆ ಯಾರು ಏನನ್ನು ಬೇಕಾದರೂ ಕೆತ್ತಬಹುದು. ಒಳಗಿನ ಸಂಖ್ಯೆ ಮಾತ್ರ ಹಾಗೆ ಬದಲಾಗುವುದಿಲ್ಲ. ಕಡತ ತಿದ್ದಿ ನಾನು ಮುಚ್ಚಿಸಿದ್ದು ಅದರ ಬಾಯನ್ನೇ.

ಯುಎಸ್‌ಬಿ ಕೂಡ ಕೈಕೊಟ್ಟಿತು. ಅದು ಬೋರ್ಡಿನ ಹಳೆಯ ಕಾಯಿಲೆ: 1.5 ಕಿಲೋಓಮ್ ಇರಬೇಕಾದ ಆರ್10 ರೆಸಿಸ್ಟರಿನ ಜಾಗದಲ್ಲಿ 10 ಕಿಲೋಓಮ್ ಕೂರಿಸಿರುತ್ತಾರೆ. ಅದಕ್ಕೆ ಸಮಾಂತರವಾಗಿ 1.8 ಕಿಲೋಓಮ್ ಬೆಸೆದರೆ ಸರಿಹೋಗುತ್ತದೆ.

ಸರಿಹೋಗದ್ದು ಐ2ಸಿ, ಅಂದರೆ ಚಿಪ್ಪು ಡಿಸ್‌ಪ್ಲೇಯೊಡನೆ ಮಾತಾಡುವ ಎರಡು ತಂತಿಯ ಸಂಪರ್ಕ. ಎರಡು ದಿನಕ್ಕೊಮ್ಮೆ ಡಿಸ್‌ಪ್ಲೇ ಹೆಪ್ಪುಗಟ್ಟುತ್ತಿತ್ತು, ಜೊತೆಗೆ ಪ್ರೋಗ್ರಾಮೂ. ಅಸಲಿ ಚಿಪ್ಪಿನ ಐ2ಸಿಗೂ ದೋಷಗಳಿವೆ, ತಯಾರಕರೇ ಅವುಗಳ ಪಟ್ಟಿ ಪ್ರಕಟಿಸಿದ್ದಾರೆ. ಅದನ್ನು ಓದಿಕೊಂಡು ಮೂರು ವಾರ ನನ್ನ ಕೋಡನ್ನೇ ಶಂಕಿಸಿದೆ. ವಾಚ್‌ಡಾಗ್ (ಪ್ರೋಗ್ರಾಂ ಹೆಪ್ಪುಗಟ್ಟಿದರೆ ಚಿಪ್ಪನ್ನು ತಾನಾಗಿ ಮತ್ತೆ ಶುರುಮಾಡುವ ಕಾವಲು ಟೈಮರ್) ಹಾಕದೇ ಇದ್ದದ್ದು ಮಾತ್ರ ನನ್ನ ಸೋಮಾರಿತನ. ಅದರ ಹೊಣೆಯನ್ನು ಚಿಪ್ಪಿನ ಮೇಲೆ ಹೊರಿಸುವುದಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಪಂಪು ನಿಲ್ಲಲೇ ಇಲ್ಲ. ಟ್ಯಾಂಕು ಉಕ್ಕಿ, ಮೂರನೆಯ ಮಹಡಿಯ ಕುಂದಾಪುರದ ಅಜ್ಜಿ ಒಣಗಲು ಹಾಕಿದ್ದ ಹಲಸಿನ ಹಪ್ಪಳವೆಲ್ಲ ತೇಲಿಹೋಯಿತು.

ಕೊನೆಗೆ ಅಧಿಕೃತ ವಿತರಕರಿಂದ ಒಂದು ಚಿಪ್ಪು ತರಿಸಿ, ಬಿಸಿಗಾಳಿಯಿಂದ ಹಳೆಯದನ್ನು ಕಿತ್ತು, ಅದೇ ಬೋರ್ಡಿಗೆ ಕೂರಿಸಿದೆ. ಕೋಡಿನ ಒಂದು ಸಾಲನ್ನೂ ಮುಟ್ಟಲಿಲ್ಲ. ಆಮೇಲೆ ಪ್ರೋಗ್ರಾಂ ಒಮ್ಮೆಯೂ ಹೆಪ್ಪುಗಟ್ಟಿಲ್ಲ.

ಅಸಲಿಗೆ ಹೊಂದಿಕೆಯಾಗುವ ಬೇರೆ ಕಂಪನಿಗಳ ಚಿಪ್ಪುಗಳ ಮೇಲೆ ನನಗೆ ಕೋಪವಿಲ್ಲ. ಜಿಡಿ32ಎಫ್103 ತನ್ನ ಹೆಸರಿನಲ್ಲೇ ಮಾರಾಟವಾಗುತ್ತದೆ, ಅಸಲಿ ಚಿಪ್ಪಿನ 72ರ ಬದಲು 108 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಬೇಕಾದವರು ತಿಳಿದೇ ಕೊಳ್ಳುತ್ತಾರೆ. ಇನ್ನೊಬ್ಬರ ಹೆಸರು ಹೊದ್ದು ಬರುವುದೇ ಮೋಸ. ಆದ್ದರಿಂದ ಕೊಂಡ ಬೋರ್ಡಿಗೆ ಮೊದಲು ಎಸ್‌ಟಿ-ಲಿಂಕ್ ಎಂಬ ಪ್ರೋಗ್ರಾಂ ಇಳಿಸುವ ಸಾಧನ ಜೋಡಿಸಿ ಆ ಗುರುತು ಸಂಖ್ಯೆಯನ್ನು ಓದಿ. 2ರಿಂದ ಶುರುವಾದರೆ ಕಡತ ತಿದ್ದಬೇಡಿ, ಬೋರ್ಡನ್ನು ಹಿಂದಿರುಗಿಸಿ.

ಕಳೆದ ಶನಿವಾರ ಅದೇ ಅಂಗಡಿಗೆ ಲ್ಯಾಪ್‌ಟಾಪ್ ಸಮೇತ ಹೋಗಿ, ಒಂದು ಬೋರ್ಡನ್ನು ಪರೀಕ್ಷಿಸಿ ಕೊಳ್ಳುತ್ತೇನೆ ಎಂದೆ. ಮಾಲೀಕ ನನ್ನ ಕೈಯಲ್ಲಿದ್ದ ಎಸ್‌ಟಿ-ಲಿಂಕ್ ನೋಡಿ, ಬೋರ್ಡನ್ನು ಮತ್ತೆ ಪೆಟ್ಟಿಗೆಗೆ ಹಾಕಿಕೊಂಡ.