ಮನೆಯ ಪರದೆಗೆ ಯಾವ ಸಿನಿಮಾ? ನಾಲ್ಕು ಜೋಡಿಗಳ ಹೋಲಿಕೆ

ಮನೆಯಲ್ಲಿ ನೋಡಲು ಒಳ್ಳೆಯ ಸಿನಿಮಾ ಹೇಳಿ ಎಂದು ಕೇಳಿದವರಿಗೆ ಬಹಳ ಸಲ ಸಿಗುವುದು ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿ. ಆ ಪಟ್ಟಿಯ ಚಿತ್ರಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚಿತ್ರಮಂದಿರದಲ್ಲಿ ಕತ್ತಲೆ, ಗೋಡೆಯಗಲದ ಪರದೆ, ನಡುವೆ ಎದ್ದು ಹೋಗಲು ಬಿಡದ ಸಂಕೋಚ ಎಲ್ಲವೂ ಚಿತ್ರದ ಬೆಂಬಲಕ್ಕೆ ನಿಂತಿರುತ್ತವೆ. ಮನೆಯಲ್ಲಿ ಅಂಥ ಬೆಂಬಲ ಯಾವುದೂ ಇಲ್ಲ. ದೀಪ ಉರಿಯುತ್ತಿರುತ್ತದೆ, ಫೋನ್ ಮಗ್ಗುಲಲ್ಲೇ ಇರುತ್ತದೆ, ರಿಮೋಟ್ ಯಾರದೋ ಕೈಯಲ್ಲಿರುತ್ತದೆ, ನಡುವೆ ಯಾರೋ ಬಾಗಿಲು ತಟ್ಟುತ್ತಾರೆ. ಇಷ್ಟರ ನಡುವೆಯೂ ನೋಡುವವರನ್ನು ಹಿಡಿದು ಕೂರಿಸುವ ಚಿತ್ರ ಯಾವುದು ಎಂದು ತಿಳಿಯುವ ಆಸೆಯಿಂದ, ಒಂದಕ್ಕೊಂದು ಸರಿಸಮನಾದ ಚಿತ್ರಗಳನ್ನು ಜೋಡಿ ಮಾಡಿಕೊಂಡು ನೋಡಿದ್ದೇನೆ. ಟಿವಿಯಲ್ಲಿ, ಲ್ಯಾಪ್‌ಟಾಪಿನಲ್ಲಿ, ಕೆಲವನ್ನು ಮೊಬೈಲಿನಲ್ಲೂ ನೋಡಿದೆ. ಒಂಟಿಯಾಗಿಯೂ ಮನೆಮಂದಿಯ ಜೊತೆಗೂ ನೋಡಿದೆ. ಕೆಳಗಿನ ತೀರ್ಪುಗಳು ಯಾವ ಚಿತ್ರ ದೊಡ್ಡದು ಎನ್ನುವುದರ ಬಗ್ಗೆ ಅಲ್ಲ, ಮನೆಯೊಳಗೆ ಯಾವುದು ಗೆಲ್ಲುತ್ತದೆ ಎನ್ನುವುದರ ಬಗ್ಗೆ.

ಮೊದಲ ಜೋಡಿ ‘12 ಆ್ಯಂಗ್ರಿ ಮೆನ್’ ಮತ್ತು ‘ರಿಯರ್ ವಿಂಡೋ’. ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಡೆಯುತ್ತವೆ. ಎರಡರಲ್ಲೂ ಒಂದು ಕೊಲೆಯ ಮಾತಿದೆ, ಎರಡರಲ್ಲೂ ಮೈ ಬೆವರುವ ಸೆಕೆಯಿದೆ. ಸಿಡ್ನಿ ಲ್ಯೂಮೆಟ್ 1957ರಲ್ಲಿ ಮಾಡಿದ ‘12 ಆ್ಯಂಗ್ರಿ ಮೆನ್’ ಅವನ ಮೊದಲ ಸಿನಿಮಾ. ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗನೊಬ್ಬನ ಹಣೆಬರಹವನ್ನು ಹನ್ನೆರಡು ಮಂದಿ ತೀರ್ಪುಗಾರರು (ಜ್ಯೂರಿಯ ಸಾಮಾನ್ಯ ನಾಗರಿಕರು) ಒಂದು ಕೊಠಡಿಯಲ್ಲಿ ಕುಳಿತು ನಿರ್ಧರಿಸಬೇಕು. ಒಮ್ಮತವಿಲ್ಲದೆ ತೀರ್ಪಿಲ್ಲ. ಮೊದಲ ಮತದಲ್ಲಿ ಹುಡುಗ ಅಪರಾಧಿ ಎನ್ನುವವರು ಹನ್ನೊಂದು ಮಂದಿ, ಅಲ್ಲ ಎನ್ನುವವನು ಒಬ್ಬನೇ. ಅಲ್ಲಿಂದ ಮುಂದೆ ಇರುವುದೆಲ್ಲ ಮಾತು, ಮುಖ, ಬೆವರು.

ಇದು ಮನೆಯಲ್ಲಿ ಇಷ್ಟು ಚೆನ್ನಾಗಿ ನಿಲ್ಲುವುದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ರೆಜಿನಾಲ್ಡ್ ರೋಸ್ ಇದನ್ನು ಮೊದಲು ಬರೆದದ್ದು 1954ರಲ್ಲಿ, ಟೆಲಿವಿಷನ್ ನಾಟಕವಾಗಿ. ಚಿಕ್ಕ ಪರದೆ ಅದಕ್ಕೆ ಪರದೇಶವಲ್ಲ, ತವರು. ಲ್ಯೂಮೆಟ್ ಆ ತವರಿನ ಗುಣವನ್ನು ಉಳಿಸಿಕೊಂಡು ಸಿನಿಮಾದ ವಿದ್ಯೆಯನ್ನೂ ಸೇರಿಸಿದ. ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೇ ಇಳಿಯುತ್ತದೆ, ಕೊನೆಯ ಭಾಗದಲ್ಲಿ ಅದಕ್ಕೂ ಕೆಳಗಿನಿಂದ ನೋಡುತ್ತದೆ. ಜೊತೆಗೆ ಮಸೂರಗಳು ಬದಲಾಗುತ್ತ ಹೋಗುತ್ತವೆ. ಹಿಂದಿನ ಗೋಡೆ ಮುಂದಕ್ಕೆ ಸರಿದು ಬಂದಂತೆ ಕಾಣುತ್ತದೆ. ಆರಂಭದಲ್ಲಿ ಕಾಣದ ಸೂರು ಕೊನೆಗೆ ಕಾಣಿಸತೊಡಗುತ್ತದೆ. ನೋಡುವವರಿಗೆ ಇದು ಗಮನಕ್ಕೆ ಬರುವುದಿಲ್ಲ, ಉಸಿರು ಕಟ್ಟಿದಂತೆ ಮಾತ್ರ ಆಗುತ್ತದೆ. ಚೂರಿಯ ದೃಶ್ಯವನ್ನು ನೋಡಿ. ಕೊಲೆಗೆ ಬಳಸಿದಂಥ ಚೂರಿ ಬೇರೆಲ್ಲೂ ಸಿಗುವುದಿಲ್ಲ ಎಂದು ಎದುರಿನವರು ವಾದಿಸುತ್ತಿರುವಾಗ, ಆ ಒಬ್ಬನ ಪಾತ್ರದ ಹೆನ್ರಿ ಫಾಂಡಾ ಎದ್ದು ಜೇಬಿನಿಂದ ಅಂಥದ್ದೇ ಇನ್ನೊಂದನ್ನು ತೆಗೆದು ಮೇಜಿಗೆ ಚುಚ್ಚುತ್ತಾನೆ. ಇದರ ಬಲವೆಲ್ಲ ಆ ಸದ್ದಿನಲ್ಲಿ ಮತ್ತು ಸುತ್ತ ನಿಂತವರ ಮುಖದಲ್ಲಿದೆ. ಅಂಗೈಯಗಲದ ಪರದೆಯಲ್ಲೂ ಒಂದಿಷ್ಟೂ ಕುಂದುವುದಿಲ್ಲ.

ಇನ್ನೊಂದು ಗುಣವಿದೆ, ಅದನ್ನು ನಾನು ಬಹಳ ಮೆಚ್ಚಿದ್ದೇನೆ. ಈ ಚಿತ್ರ ತನ್ನ ಲೆಕ್ಕವನ್ನು ತಾನೇ ಇಡುತ್ತದೆ. ನಡುವೆ ಎದ್ದು ಹೋದವರು ಮರಳಿ ಬಂದು “ಈಗ ಎಷ್ಟು ಮಂದಿ ಆ ಕಡೆ?” ಎಂದು ಕೇಳಿದರೆ ಸಾಕು, ಒಂದೇ ಸಂಖ್ಯೆಯಲ್ಲಿ ಉತ್ತರ ಸಿಗುತ್ತದೆ, ಅವರು ಮತ್ತೆ ಕಥೆಯೊಳಗೆ ಬಂದುಬಿಡುತ್ತಾರೆ. ಮನೆಯಲ್ಲಿ ನೋಡುವ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

‘ರಿಯರ್ ವಿಂಡೋ’ 1954ರ ಹಿಚ್‌ಕಾಕ್ ಚಿತ್ರ. ಕಾಲು ಮುರಿದುಕೊಂಡ ಛಾಯಾಗ್ರಾಹಕನೊಬ್ಬ ತನ್ನ ಕೋಣೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಅಂಗಳದಾಚೆಯ ಕಿಟಕಿಗಳನ್ನು ನೋಡುತ್ತ, ಎದುರುಮನೆಯಲ್ಲಿ ಕೊಲೆ ನಡೆದಿದೆ ಎಂದು ಶಂಕಿಸುತ್ತಾನೆ. ಇಡೀ ಅಂಗಳವನ್ನು, ಅದರ ಸುತ್ತಲಿನ ಮನೆಗಳ ಸಮೇತ, ಸ್ಟುಡಿಯೋದೊಳಗೆ ಕಟ್ಟಲಾಗಿತ್ತು. ಕುರ್ಚಿ ಬಿಟ್ಟೇಳದೆ ಚೌಕಟ್ಟಿನೊಳಗಿನ ಬದುಕುಗಳನ್ನು ನೋಡುವ ಆ ಮನುಷ್ಯ ಮನೆಯಲ್ಲಿ ಸಿನಿಮಾ ನೋಡುವವರ ಜಾಗದಲ್ಲೇ ಇದ್ದಾನೆ. ಆ ಲೆಕ್ಕದಲ್ಲಿ ಇದೇ ಗೆಲ್ಲಬೇಕಿತ್ತು.

ತೊಡಕು ಎಲ್ಲಿದೆ ಎಂದರೆ, ಇಲ್ಲಿ ನೋಡಬೇಕಾದದ್ದೆಲ್ಲ ಚೌಕಟ್ಟಿನೊಳಗಿನ ಚೌಕಟ್ಟುಗಳಲ್ಲಿ, ದೂರದಲ್ಲಿ ಇದೆ. ಒಂದು ರಾತ್ರಿ ಅಂಗಳದವರೆಲ್ಲ ಏನಾಯಿತೆಂದು ಕಿಟಕಿಗೆ ಬಂದು ನಿಲ್ಲುತ್ತಾರೆ. ಒಂದು ಕಿಟಕಿ ಮಾತ್ರ ಕತ್ತಲಾಗಿಯೇ ಇರುತ್ತದೆ. ಆ ಕತ್ತಲೆಯಲ್ಲಿ ಸಿಗರೇಟಿನ ಕೆಂಡವೊಂದು ಹೊಳೆದು ಮಂಕಾಗುತ್ತದೆ. ಚಿತ್ರದ ಅತ್ಯಂತ ಭಯಾನಕ ಕ್ಷಣಗಳಲ್ಲಿ ಅದೂ ಒಂದು. ದೀಪ ಹಾಕಿದ ಕೋಣೆಯಲ್ಲಿ, ಪರದೆಯ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದಿರುವಾಗ, ಆ ಕೆಂಡ ಕಾಣುವುದೇ ಇಲ್ಲ. ಧ್ವನಿಯ ವಿಷಯವೂ ಹಾಗೆಯೇ. ಚಿತ್ರದ ಸಂಗೀತ ಬಹುಮಟ್ಟಿಗೆ ಅಂಗಳದಿಂದಲೇ ತೇಲಿ ಬರುತ್ತದೆ: ಯಾರದೋ ಪಿಯಾನೋ, ಯಾರದೋ ರೇಡಿಯೋ, ಎಲ್ಲೋ ಒಂದು ಜಗಳ. ಟಿವಿಯ ತೆಳು ಸ್ಪೀಕರಿನಲ್ಲಿ ಹತ್ತಿರದ್ದು ದೂರದ್ದು ಎಲ್ಲ ಒಂದೇ ಆಗಿ ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ, ರಾತ್ರಿ ಒಂಟಿಯಾಗಿ ನೋಡುವವರಿಗೆ ನಾನು ‘ರಿಯರ್ ವಿಂಡೋ’ವನ್ನೇ ಹೇಳುತ್ತೇನೆ. ಉಳಿದೆಲ್ಲರಿಗೂ ‘12 ಆ್ಯಂಗ್ರಿ ಮೆನ್’. ಇಂಗ್ಲಿಷಿನ ವೇಗದ ಮಾತು ಕಷ್ಟವೆನ್ನುವವರಿಗೆ ಇದೇ ಕಥೆಯನ್ನು ಬಾಸು ಚಟರ್ಜಿ 1986ರಲ್ಲಿ ಹಿಂದಿಯಲ್ಲಿ ‘ಏಕ್ ರುಕಾ ಹುವಾ ಫೈಸ್ಲಾ’ ಎಂದು ಮಾಡಿದ್ದಾರೆ. ಅದೂ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ, ನೋಡುವವರನ್ನೂ ಬಿಡುವುದಿಲ್ಲ.

ಎರಡನೆಯ ಜೋಡಿ ಮಹಾಗಾತ್ರದ್ದು: ‘ಲಾರೆನ್ಸ್ ಆಫ್ ಅರೇಬಿಯಾ’ (1962) ಮತ್ತು ‘ಸೆವೆನ್ ಸಮುರಾಯ್’ (1954). ಎರಡೂ ಮೂರು ಗಂಟೆಯನ್ನು ಆರಾಮವಾಗಿ ದಾಟುತ್ತವೆ, ಎರಡರಲ್ಲೂ ಮಧ್ಯಂತರವನ್ನು ನಿರ್ದೇಶಕರೇ ಇಟ್ಟಿದ್ದಾರೆ. ಇಲ್ಲಿ ನನ್ನ ತೀರ್ಪಿನಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಡೇವಿಡ್ ಲೀನ್ ‘ಲಾರೆನ್ಸ್’ ಅನ್ನು ತೆಗೆದದ್ದು 70 ಎಂಎಂ ಪರದೆಗಾಗಿ. ನಟ ಒಮರ್ ಷರೀಫ್ ಮೊದಲ ಸಲ ಕಾಣಿಸಿಕೊಳ್ಳುವ ಬಾವಿಯ ದೃಶ್ಯವೇ ಸಾಕ್ಷಿ. ಮರುಭೂಮಿಯ ದಿಗಂತದಲ್ಲಿ, ನಡುಗುವ ಬಿಸಿಲ್ಗುದುರೆಯೊಳಗೆ ಒಂದು ಕಪ್ಪು ಚುಕ್ಕೆ. ಅದು ನಿಧಾನವಾಗಿ ಉದ್ದವಾಗುತ್ತದೆ, ಒಂಟೆಯಾಗುತ್ತದೆ, ಸವಾರನಾಗುತ್ತದೆ. ಬಾವಿಯ ಬಳಿ ನಿಂತವರು ಕಣ್ಣು ಕಿರಿದು ಮಾಡಿಕೊಂಡು ಆ ಚುಕ್ಕೆಯನ್ನು ನೋಡುತ್ತಾರೆ, ಅವರ ಜೊತೆ ನಾವೂ ನೋಡಬೇಕು. ಮೊಬೈಲಿನಲ್ಲಿ ಆ ಚುಕ್ಕೆಯೇ ಇಲ್ಲ. ಬರಿಯ ಮರಳು, ಬರಿಯ ಆಕಾಶ, ಆಮೇಲೆ ಇದ್ದಕ್ಕಿದ್ದಂತೆ ಒಬ್ಬ ಸವಾರ. ಕಾಯುವಿಕೆಯೇ ಆ ದೃಶ್ಯದ ಜೀವ, ಅದೇ ಹೋದ ಮೇಲೆ ಉಳಿಯುವುದೇನು? ಆರಂಭದಲ್ಲೂ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇದ್ದು ಮಾರಿಸ್ ಜಾರ್‌ನ ಸಂಗೀತ ಮಾತ್ರ ಕೇಳುತ್ತದೆ. ಮನೆಯಲ್ಲಿ ಆ ಹೊತ್ತಿಗೆ ಯಾರಾದರೂ ರಿಮೋಟ್ ಒತ್ತಿ ಮುಂದಕ್ಕೆ ಓಡಿಸಿರುತ್ತಾರೆ. ದೊಡ್ಡ ಪರದೆಯಲ್ಲಿ ಮರುಪ್ರದರ್ಶನವಾಗುವುದಿದ್ದರೆ ದಯವಿಟ್ಟು ಅದಕ್ಕಾಗಿ ಕಾಯಿರಿ. ಈ ಚಿತ್ರವನ್ನು ಮೊದಲ ಸಲ ಫೋನಿನಲ್ಲಿ ನೋಡುವುದು ಅದಕ್ಕೂ ಅನ್ಯಾಯ, ನಿಮಗೂ ಅನ್ಯಾಯ.

ಜಪಾನಿನ ನಿರ್ದೇಶಕ ಕುರೊಸಾವಾನ ‘ಸೆವೆನ್ ಸಮುರಾಯ್’ 207 ನಿಮಿಷಗಳ ಚಿತ್ರ. ಆದರೂ ಇದು ಮನೆಗೆ ಒಗ್ಗುತ್ತದೆ. ಡಕಾಯಿತರಿಂದ ಪಾರಾಗಲು ರೈತರು ಏಳು ಸಮುರಾಯ್‌ಗಳನ್ನು, ಅಂದರೆ ಕತ್ತಿಯೋಧರನ್ನು, ಕರೆತರುವ ಕಥೆ ಇದು, ನಡೆಯುವುದು ಬಹುಪಾಲು ಒಂದು ಚಿಕ್ಕ ಹಳ್ಳಿಯಲ್ಲಿ. ಆ ಹಳ್ಳಿಗೆ ಯಾವ ದಿಕ್ಕಿನಿಂದ ದಾರಿಯಿದೆ, ಎಲ್ಲಿ ಬೇಲಿ ಹಾಕಬೇಕು, ಎಲ್ಲಿ ನೀರು ಹರಿಸಬೇಕು ಎಂದು ಸಮುರಾಯ್‌ಗಳ ನಾಯಕ ಕಾಂಬೆಯಿ ನಕ್ಷೆ ಹಿಡಿದು ವಿವರಿಸುತ್ತಾನೆ. ಕದನ ಶುರುವಾಗುವ ಹೊತ್ತಿಗೆ ಆ ಊರಿನ ಸಂದುಗೊಂದೆಲ್ಲ ನಮಗೆ ಪರಿಚಯವಾಗಿರುತ್ತದೆ. ಇನ್ನೂ ಮುಖ್ಯವಾದದ್ದು, ಬರಲಿರುವ ನಲವತ್ತು ಡಕಾಯಿತರಿಗಾಗಿ ಅವನು ಹಾಳೆಯ ಮೇಲೆ ವೃತ್ತಗಳನ್ನು ಬರೆದಿಟ್ಟುಕೊಂಡು, ಒಬ್ಬೊಬ್ಬನು ಸತ್ತಂತೆ ಒಂದೊಂದನ್ನು ಅಳಿಸುತ್ತ ಹೋಗುತ್ತಾನೆ. ಮೇಲೆ ಹೇಳಿದ ಲೆಕ್ಕ ಇಲ್ಲೂ ಇದೆ! ನಡುವೆ ಎದ್ದು ಹೋಗಿ ಬಂದವರಿಗೆ ಆ ಹಾಳೆ ಕಂಡರೆ ಯುದ್ಧ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತದೆ. ಮಧ್ಯಂತರದಲ್ಲಿ ನಿಲ್ಲಿಸಿ ಉಳಿದದ್ದನ್ನು ಮರುದಿನ ನೋಡಿದರೂ ದಾರ ತಪ್ಪುವುದಿಲ್ಲ. ಹಳೆಯ ಚೌಕಾಕಾರದ ಚಿತ್ರವಾದ್ದರಿಂದ ಟಿವಿಯ ಎರಡು ಬದಿಗೆ ಕಪ್ಪು ಪಟ್ಟಿಗಳು ಬರುತ್ತವೆ. ಬರಲಿ, ಬಿಡಿ. ಪರದೆ ತುಂಬಿಸಲು ಝೂಮ್ ಮಾಡಿದರೆ ಆಳುಗಳ ತಲೆಯೂ ಕಾಲೂ ಕತ್ತರಿಸಿಹೋಗುತ್ತವೆ.

ಟಿವಿಯ ಮಾತು ಬಂದದ್ದರಿಂದ ಒಂದು ಕಿವಿಮಾತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ (ಫ್ರೇಮ್‌ಗಳಲ್ಲಿ) ತಯಾರಾಗುತ್ತದೆ. ಈಗಿನ ಅನೇಕ ಟಿವಿಗಳು ನಡುನಡುವೆ ತಾವೇ ಚೌಕಟ್ಟುಗಳನ್ನು ಸೃಷ್ಟಿಸಿ ತುರುಕುತ್ತವೆ. ಕ್ರಿಕೆಟ್‌ಗೆ ಅದು ಚೆಂದ, ಸಿನಿಮಾ ಮಾತ್ರ ಧಾರಾವಾಹಿಯಂತೆ ನುಣ್ಣಗಾಗಿಬಿಡುತ್ತದೆ. ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ 2018ರಲ್ಲಿ ಒಂದು ವಿಡಿಯೋ ಮಾಡಿ, ಇದನ್ನು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡಿದ್ದರು. ಟಿವಿಯ ಪಿಕ್ಚರ್ ಸೆಟ್ಟಿಂಗಿಗೆ ಹೋಗಿ, ಚಲನೆಯನ್ನು ನಯಗೊಳಿಸುವ ಆಯ್ಕೆ ಯಾವ ಹೆಸರಿನಲ್ಲಿದ್ದರೂ ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದನ್ನು ಒತ್ತಿದರೆ ಸಾಕು.

ಮೂರನೆಯ ಜೋಡಿಯನ್ನು ಕಂಡು ಕೆಲವರು ಹುಬ್ಬೇರಿಸಬಹುದು: ಜಪಾನಿನ ನಿರ್ದೇಶಕ ಓಜುವಿನ ‘ಟೋಕಿಯೋ ಸ್ಟೋರಿ’ (1953) ಮತ್ತು ರಾಮ್ ರೆಡ್ಡಿಯವರ ‘ತಿಥಿ’ (2015). ಎರಡೂ ವಯಸ್ಸಾದವರ ಮತ್ತು ಅವರ ಮಕ್ಕಳ ಕಥೆ, ಎರಡರಲ್ಲೂ ಸಾವು ಮನೆಯ ಸದಸ್ಯನಂತೆ ಬಂದು ಕೂರುತ್ತದೆ. 2012ರಲ್ಲಿ ‘ಸೈಟ್ ಆ್ಯಂಡ್ ಸೌಂಡ್’ ಎಂಬ ಸಿನಿಮಾ ಪತ್ರಿಕೆ ನಿರ್ದೇಶಕರಿಂದ ಪಡೆದ ಮತದಾನದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಓಜುವಿನ ಇದೇ ಚಿತ್ರ. ನೆಲದ ಮೇಲೆ ಕುಳಿತವರ ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಇಟ್ಟು, ಅದನ್ನು ಹೆಚ್ಚುಕಡಿಮೆ ಅಲುಗಾಡಿಸದೆ, ಮಕ್ಕಳನ್ನು ನೋಡಲು ಬಂದ ವೃದ್ಧ ದಂಪತಿ ಆ ಮಕ್ಕಳಿಗೇ ಹೊರೆಯಾಗುವುದನ್ನು ತೋರಿಸುತ್ತಾನೆ. ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಕೆಲಸವಿದೆ. ತಂದೆತಾಯಿಯನ್ನು ಅವರು ಒಂದು ವಿಹಾರಧಾಮಕ್ಕೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯಿಡೀ ಗದ್ದಲ, ಇಬ್ಬರಿಗೂ ನಿದ್ದೆಯಿಲ್ಲ. ಬೆಳಿಗ್ಗೆ ಸಮುದ್ರದ ತಡೆಗೋಡೆಯ ಮೇಲೆ ಕುಳಿತು, ಊರಿಗೆ ಹೋಗೋಣವೇ ಎಂದು ಮಾತಾಡಿಕೊಳ್ಳುತ್ತಾರೆ. ದೃಶ್ಯಗಳ ನಡುವೆ ಚಿಮಣಿ, ಒಣಗಲು ಹಾಕಿದ ಬಟ್ಟೆ, ಖಾಲಿ ಓಣಿ. ಮನೆಯಲ್ಲಿ ಅಪಾಯ ಇರುವುದು ಅಲ್ಲೇ. ಏನೂ ನಡೆಯದಂತೆ ಕಾಣುವ ಆ ಕ್ಷಣಗಳಲ್ಲಿ ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ, ಅಷ್ಟರಲ್ಲಿ ಸಬ್‌ಟೈಟಲ್ ಎರಡು ಸಾಲು ದಾಟಿರುತ್ತದೆ.

‘ತಿಥಿ’ ಶುರುವಾಗುವುದು ರಸ್ತೆ ಬದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬೈಯುವ ನೂರೊಂದು ವರ್ಷದ ಸೆಂಚುರಿ ಗೌಡನಿಂದ. ಅವನು ಕುಸಿದು ಸಾಯುತ್ತಾನೆ. ಆಸ್ತಿ ಅವನ ಹೆಸರಿನಲ್ಲೇ ಇದೆ. ಅದನ್ನು ಮಾರಲು ಮೊಮ್ಮಗ ತಮ್ಮಣ್ಣ ಪಡುವ ಪಾಡಿಗೂ, ಆಸ್ತಿಯ ಗೊಡವೆಯೇ ಬೇಡವೆಂದು ಹೊಲಗದ್ದೆಯಲ್ಲಿ ತಿರುಗುವ ಮಗ ಗಡ್ಡಪ್ಪನ ನಿಶ್ಚಿಂತೆಗೂ ನಡುವೆ ಚಿತ್ರ ಓಡುತ್ತದೆ. ನಟಿಸಿದವರು ಮಂಡ್ಯದ ಕಡೆಯ ಹಳ್ಳಿಗರೇ. ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಈ ಚಿತ್ರದ ಮಾತು ನಮಗೆ ಕಿವಿಯಿಂದಲೇ ದಕ್ಕುತ್ತದೆ. ಕಣ್ಣು ಪರದೆಯ ಬುಡಕ್ಕೆ ಅಂಟಿಕೊಳ್ಳಬೇಕಿಲ್ಲ, ಆ ಮುಖಗಳನ್ನು ನೋಡಲು ಬಿಡುವಾಗಿರುತ್ತದೆ. ನಾಲ್ಕು ಜನ ಸೇರಿ ನೋಡಿದರೆ ನಗು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ನನಗೆ ಓಜುವಿನ ಚಿತ್ರ ಹೆಚ್ಚು ಪ್ರಿಯ, ಅದನ್ನು ಮುಚ್ಚಿಡಲಾರೆ. ಆದರೂ ಮನೆಮಂದಿ ಒಟ್ಟಿಗೆ ಕೂರುವುದಾದರೆ ‘ತಿಥಿ’ಯನ್ನೇ ಹಾಕಿ. ಮನೆ ಮಲಗಿದ ಮೇಲೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ‘ಟೋಕಿಯೋ ಸ್ಟೋರಿ’ ನೋಡಿ.

ಮಕ್ಕಳ ಜೊತೆ ನೋಡಲು ಇರಾನಿನ ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ (1997) ಮತ್ತು ಮಿಯಾಝಾಕಿಯ ‘ಮೈ ನೇಬರ್ ಟೊಟೊರೊ’ (1988). ಎರಡೂ ಒಂದೂವರೆ ಗಂಟೆಯೊಳಗೆ ಮುಗಿಯುತ್ತವೆ, ಎರಡರಲ್ಲೂ ಖಳನಾಯಕನಿಲ್ಲ. ಐದಾರು ವರ್ಷದವರಿಗೆ ‘ಟೊಟೊರೊ’: ಮಳೆಯಲ್ಲಿ ಬಸ್‌ಗಾಗಿ ಕಾಯುವ ಅಕ್ಕತಂಗಿಯರ ಪಕ್ಕದಲ್ಲಿ ಟೊಟೊರೊ ಎಂಬ ಭಾರಿ ಪ್ರಾಣಿ ಬಂದು ನಿಲ್ಲುವುದನ್ನು ಅರ್ಥ ಮಾಡಿಕೊಳ್ಳಲು ಭಾಷೆ ಬೇಕಿಲ್ಲ. ಓದಬಲ್ಲ ಮಕ್ಕಳಿಗೆ ಇರಾನಿನ ಚಿತ್ರ. ಒಂದೇ ಜೊತೆ ಶೂವನ್ನು ತಂಗಿ ಬೆಳಿಗ್ಗೆ, ಅಣ್ಣ ಮಧ್ಯಾಹ್ನ ಹಾಕಿಕೊಂಡು ಶಾಲೆಗೆ ಓಡುತ್ತಾರೆ. ತಂಗಿಯ ಕಾಲಿಗೆ ದೊಡ್ಡದಾದ ಆ ಶೂ ಕಳಚಿ ಬೀದಿಯ ಕಾಲುವೆಯಲ್ಲಿ ತೇಲಿಕೊಂಡು ಹೋಗುವಾಗ ಜೊತೆಗೆ ಕುಳಿತ ಮಕ್ಕಳು ಸೋಫಾದ ಅಂಚಿಗೆ ಬಂದಿರುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ. ‘ಟೊಟೊರೊ’ ಮುಗಿದ ಮೇಲೆ ಅದೇ ಸ್ಟುಡಿಯೋದ್ದೆಂದು ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಅನ್ನು ಚಿಕ್ಕವರಿಗೆ ಹಾಕಲು ಹೋಗಬೇಡಿ. 1988ರಲ್ಲಿ ಜಪಾನಿನಲ್ಲಿ ಎರಡನ್ನೂ ಒಟ್ಟಿಗೇ ಬಿಡುಗಡೆ ಮಾಡಿದ್ದರು, ನಿಜ. ಆದರೆ ಅದು ಯುದ್ಧದಲ್ಲಿ ಅನಾಥರಾದ ಇಬ್ಬರು ಮಕ್ಕಳ ಸಾವಿನ ಕಥೆ. ಅದನ್ನು ದೊಡ್ಡವರು ಬೇರೆ ದಿನ, ಬೇರೆಯಾಗಿ ನೋಡಲಿ.