ಬೋರ್ಡಿನ ಮೇಲೆ ‘ಸರ್ಕಾರಿ ನೋಂದಾಯಿತ’ ಅಂತಿದ್ದರೆ, ಯಾವ ನೋಂದಣಿ ಅಂತ ಕೇಳಿ

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಇನ್ನೂ ಗಮನ ಕೊಟ್ಟು ಓದಿ. ಕುಮಟಾ ಹೊನ್ನಾವರ ನಡುವೆ, ಸಮುದ್ರದ ಹತ್ತಿರ ಇರುವ ಒಂದು ಪ್ರಕೃತಿ ಚಿಕಿತ್ಸಾ ಕೇಂದ್ರದಲ್ಲಿ ನಮ್ಮ ಆಯಿಯ (ಅಮ್ಮನ) ಜೀವಕ್ಕೇ ಸಂಚಕಾರ ಬಂದಿತ್ತು. ದೂರು ಕೊಟ್ಟಿದ್ದೇನೆ, ಅದು ಮುಗಿಯುವವರೆಗೆ ಹೆಸರು ಬರೆಯುವುದಿಲ್ಲ.

ಆಯಿಗೆ ಮಂಡಿ ನೋವು, ಜೊತೆಗೆ ಹಳೇ ಶುಗರ್. ಕೇಂದ್ರದ ಬೋರ್ಡಿನಲ್ಲಿ ‘ಡಾ.’ ಅಂತ ದೊಡ್ಡ ಅಕ್ಷರ, ಹೆಸರಿನ ಮುಂದೆ ‘ಎನ್.ಡಿ.’ (ನ್ಯಾಚುರೋಪತಿ, ಅಂದರೆ ಪ್ರಕೃತಿ ಚಿಕಿತ್ಸೆಯ ಡಾಕ್ಟರ್ ಅಂತ), ಕೆಳಗೆ ‘ಸರ್ಕಾರಿ ನೋಂದಾಯಿತ’ ಅಂತ ನಂಬರ್ ಸಮೇತ. ಒಳಗೆ ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟುಗಳು. ಯಾರಿಗಾದರೂ ನಂಬಿಕೆ ಬರುತ್ತದೆ, ಅಲ್ವಾ? ಪ್ಯಾಕೇಜಿಗೆ 28,000 ರೂಪಾಯಿ, ಪೂರ್ತಿ ಮುಂಗಡ. ಫೋನ್‌ಪೇ ಮಾಡಿದೆ.

ಮಣ್ಣಿನ ಪಟ್ಟಿ, ಸೊಂಟ ಸ್ನಾನ, ಅದೆಲ್ಲ ಸರಿ. ಆಮೇಲೆ ಉಪವಾಸ ಚಿಕಿತ್ಸೆ ಅಂತ ಶುರು ಮಾಡಿದರು. ಬೂದುಗುಂಬಳದ ರಸ, ಬಿಸಿನೀರು, ಅಷ್ಟೇ. ಆಯಿ ದಿನಾ ತೆಗೆದುಕೊಳ್ಳುವ ಶುಗರ್ ಮಾತ್ರೆ ಗ್ಲಿಮೆಪಿರೈಡ್. ಅದನ್ನು ಏನು ಮಾಡಬೇಕು ಅಂತ ನಾನೇ ಕೇಳಿದ್ದೆ. ಬಂದ ಉತ್ತರ: “ಅದು ಇಂಗ್ಲಿಷ್ ಔಷಧಿ, ಅದರ ಬಗ್ಗೆ ನಾವು ಮಾತಾಡುವುದಿಲ್ಲ. ನಿಮ್ಮ ಇಷ್ಟ.” ಈ ಮಾತ್ರೆ ತಿಂದು ಊಟ ಬಿಟ್ಟರೆ ಶುಗರ್ ಕುಸಿಯುತ್ತದೆ. ಅದನ್ನು ಹೇಳಬೇಕಾದವರೇ ನಿಮ್ಮ ಇಷ್ಟ ಅಂದರು!

ಬೆಳಿಗ್ಗೆ ನೋಡಿದರೆ ಆಯಿಯ ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ನನ್ನನ್ನು ತನ್ನ ಅಣ್ಣನ ಹೆಸರಿನಿಂದ ಕರೆದಳು. ಓಡಿ ಹೋಗಿ ಆ ‘ಡಾಕ್ಟರ್’ನನ್ನು ಕರೆದೆ. ಅವರು ಆರಾಮಾಗಿ ಬಂದು, ನಾಡಿ ಹಿಡಿದು, ಹೇಳಿದ್ದು ಇದು: “ಹೆಗಡೇರೇ, ಗಾಬರಿ ಬೇಡ. ಇದು ಒಳ್ಳೆ ಲಕ್ಷಣ. ಮೈಯೊಳಗಿನ ವಿಷ ಹೊರಗೆ ಬರ್ತಾ ಇದೆ.”

ಒಳ್ಳೆ ಲಕ್ಷಣವಂತೆ. ಈಗಲೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ಶುಗರ್ ನೋಡಿ ಅಂದರೆ ಅಲ್ಲಿ ಗ್ಲುಕೋಮೀಟರ್ ಕೂಡ ಇರಲಿಲ್ಲ. ಆಯಿಯನ್ನು ಎತ್ತಿ ಕಾರಿಗೆ ಹಾಕಿಕೊಂಡು ತಾಲೂಕು ಆಸ್ಪತ್ರೆಗೆ ಹೋದೆ. ಶುಗರ್ 42 ಇತ್ತು. 70ಕ್ಕಿಂತ ಕೆಳಗೆ ಹೋದರೇ ಕಡಿಮೆ ಅಂತ ಲೆಕ್ಕ. ಗ್ಲುಕೋಸ್ ಏರಿಸಿದ ಮೇಲೆ ಆಯಿ ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದಳು. ಅಲ್ಲಿನ ಡಾಕ್ಟರಮ್ಮ ಕೇಳಿದರು, “ಉಪವಾಸ ಹಾಕಿದ್ದು ಯಾರು? ಅವರು ಏನು ಓದಿದ್ದಾರೆ?” ನನಗೆ ಉತ್ತರ ಕೊಡಲಾಗಲಿಲ್ಲ. ಅಷ್ಟು ಜನರ ನಡುವೆ ತಲೆ ತಗ್ಗಿಸಿ ನಿಂತಿದ್ದೆ.

ನನ್ನ ತಂಗಿಯ ಮಗಳು ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಯಾದ ಬಿಎನ್‌ವೈಎಸ್ ಓದಿದವಳು. ಬೋರ್ಡಿನಲ್ಲಿದ್ದ ನಂಬರೇ ಇರುವ ಕೇಂದ್ರದ ಬಿಲ್ಲಿನ ಫೋಟೋ ಅವಳಿಗೆ ಕಳಿಸಿದೆ. ಕೂಡಲೇ ಫೋನ್ ಮಾಡಿದಳು. “ಮಾವಾ, ಇದು ಡಾಕ್ಟರ್ ನೋಂದಣಿ ನಂಬರ್ ಅಲ್ಲ. ‘ಉದ್ಯಮ್-ಕೆಆರ್’ ಅಂತ ಶುರು ಆಗ್ತದೆ ನೋಡು. ಇದು ಸಣ್ಣ ಉದ್ದಿಮೆ ನೋಂದಣಿ. ಹಿಟ್ಟಿನ ಗಿರಣಿಗೂ ಇದೇ ಸಿಗ್ತದೆ.”

ನಾನು ಬಿಲ್ ಹಿಡಿದು ಸುಮ್ನೆ ಕೂತೆ. ‘ಸರ್ಕಾರಿ ನೋಂದಾಯಿತ’ ಅಂದರೆ ಇದು! ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ, ಒಂದು ಪೈಸೆ ಶುಲ್ಕವಿಲ್ಲದೆ, ಯಾರು ಬೇಕಾದರೂ ಮಾಡಿಸಿಕೊಳ್ಳಬಹುದಾದ ನಂಬರ್. ಅದನ್ನು ‘ಡಾ.’ ಹೆಸರಿನ ಕೆಳಗೆ ಬರೆಸಿದ್ದಾರೆ. ಮೋಸ ಇರುವುದೇ ಅಲ್ಲಿ. ನಂಬರ್ ಸುಳ್ಳಲ್ಲ, ಆದರೆ ಅದು ವೈದ್ಯನ ನಂಬರ್ ಅಲ್ಲ.

ಮತ್ತೆ ಹೋಗಿ ಎದುರು ನಿಂತು ಕೇಳಿದೆ. ಮ್ಯಾನೇಜರ್ ಹೇಳಿದ್ದು: “ನ್ಯಾಚುರೋಪತಿಗೆ ದೇಶದಲ್ಲೇ ಕೌನ್ಸಿಲ್ ಇಲ್ಲ ಸಾರ್. ಇಲ್ಲದ ಕೌನ್ಸಿಲಿನಲ್ಲಿ ನೋಂದಣಿ ಮಾಡೋದು ಹೇಗೆ?” ದುಡ್ಡು ವಾಪಸ್ ಕೇಳಿದರೆ, “ನೀವೇ ಸಹಿ ಮಾಡಿದ್ದೀರಿ. ಅರ್ಧಕ್ಕೆ ಬಿಟ್ಟರೆ ರೀಫಂಡ್ ಇಲ್ಲ. ಉಳಿದ ದಿನಕ್ಕೆ ಬೇಕಾದರೆ ಅಮ್ಮನನ್ನು ಮತ್ತೆ ಕರ್ಕೊಂಡು ಬನ್ನಿ.” ಮತ್ತೆ ಕರ್ಕೊಂಡು ಬನ್ನಿ ಅಂತೆ! ನಾಚಿಕೆ ಬೇಡವಾ?

ಕೌನ್ಸಿಲ್ ಬಗ್ಗೆ ಅವರು ಹೇಳಿದ್ದು ಅರ್ಧ ಸತ್ಯ. ಅದಕ್ಕೇ ಜನ ಬಾಯಿ ಮುಚ್ಚುತ್ತಾರೆ. 2020ರ ಕೇಂದ್ರದ ಭಾರತೀಯ ವೈದ್ಯ ಪದ್ಧತಿ ಆಯೋಗದ ಕಾಯ್ದೆಯಲ್ಲಿ ಆಯುರ್ವೇದ, ಯುನಾನಿ, ಸಿದ್ಧ, ಸೋವಾ ರಿಗ್ಪಾ ಇವೆ, ನ್ಯಾಚುರೋಪತಿ ಇಲ್ಲ. ಆದರೆ ನಮ್ಮ ರಾಜ್ಯದಲ್ಲಿ ಕಾನೂನು ಇದೆ. ಆಯುರ್ವೇದ, ಯುನಾನಿ ವೈದ್ಯರ ನೋಂದಣಿಗೆ ಇರುವ 1961ರ ಕರ್ನಾಟಕ ಕಾಯ್ದೆಯ ಹೆಸರಿನಲ್ಲೇ ನ್ಯಾಚುರೋಪತಿ, ಯೋಗ ಎರಡೂ ಇವೆ. ಬಿಎನ್‌ವೈಎಸ್ ಮುಗಿಸಿದವರು ಬೆಂಗಳೂರಿನ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ ನೋಂದಣಿ ಮಾಡಿಸುತ್ತಾರೆ. ನನ್ನ ತಂಗಿಯ ಮಗಳದ್ದೂ ಅಲ್ಲೇ ಆಗಿದೆ. ಆ ಕೋರ್ಸು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಉಜಿರೆಯ ಕಾಲೇಜು 1989ರಿಂದ ಇದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಹಾಗೆ ಕಷ್ಟಪಟ್ಟು ಓದಿದ ಮಕ್ಕಳ ಹೆಸರನ್ನೂ ಇಂಥವರು ಹಾಳು ಮಾಡುತ್ತಿದ್ದಾರೆ. ಶುಗರ್ ಇರುವವರಿಗೆ ಉಪವಾಸ ಹಾಕುವ ಮುಂಚೆ ಓದಿದವರು ಯಾರೂ ಮಾತ್ರೆ ಚೀಟಿ ನೋಡದೇ ಇರುವುದಿಲ್ಲ ಅಂತ ತಂಗಿಯ ಮಗಳು ಹೇಳುವಾಗ ಅವಳಿಗೇ ಅಳು ಬಂದಿತ್ತು.

ಇನ್ನೊಂದು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ, ಅಂದರೆ ಕೆಪಿಎಂಇ, ನ್ಯಾಚುರೋಪತಿ ಕೇಂದ್ರಗಳಿಗೂ ಇದೆ. ಆ ಸರ್ಟಿಫಿಕೇಟನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಆ ಗೋಡೆಯ ಮೇಲೆ ಅದೊಂದನ್ನು ಬಿಟ್ಟು ಉಳಿದೆಲ್ಲ ಇತ್ತು. ಅವರ ಕರಪತ್ರದಲ್ಲಿ ‘ಸಕ್ಕರೆ ಕಾಯಿಲೆ ಬೇರು ಸಮೇತ ಗುಣ’ ಅಂತ ಬೇರೆ ಇದೆ. ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದು 1954ರ ಕೇಂದ್ರ ಕಾಯ್ದೆಗೆ ವಿರುದ್ಧ.

ಹಾಗಾಗಿ, ದುಡ್ಡು ಕೊಡುವ ಮುಂಚೆ ಎರಡು ಕೇಳಿ. ಬಿಎನ್‌ವೈಎಸ್ ಇದೆಯಾ, ಮಂಡಳಿಯ ನೋಂದಣಿ ನಂಬರ್ ಯಾವುದು? ಕೆಪಿಎಂಇ ಸರ್ಟಿಫಿಕೇಟ್ ಎಲ್ಲಿ? ಉತ್ತರದ ಬದಲು ಪ್ರಕೃತಿ, ಋಷಿಮುನಿಗಳು ಅಂತ ಭಾಷಣ ಶುರುವಾದರೆ ಎದ್ದು ಬನ್ನಿ. ಶುಗರ್ ಮಾತ್ರೆ ತಿನ್ನುವವರನ್ನು ನಿಮ್ಮ ಡಾಕ್ಟರನ್ನು ಕೇಳದೆ ಉಪವಾಸಕ್ಕೆ ಕೂರಿಸಬೇಡಿ.

ಕೆಪಿಎಂಇ ದೂರು ಹೋಗುವುದು ಜಿಲ್ಲಾ ಪ್ರಾಧಿಕಾರಕ್ಕೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಕಾರ್ಯದರ್ಶಿ. ಎರಡೂ ಕಚೇರಿ ಕಾರವಾರದಲ್ಲಿವೆ. ನಾನು ಬಿಲ್, ಕರಪತ್ರ, ಆಸ್ಪತ್ರೆ ಚೀಟಿ ಎಲ್ಲದರ ಜೆರಾಕ್ಸ್ ಸೇರಿಸಿ ಕೊಟ್ಟಿದ್ದೇನೆ. ‘ಉದ್ಯಮ್’ ನಂಬರಿನ ಇಂಥದೇ ಬಿಲ್ ನಿಮ್ಮ ಹತ್ತಿರ ಇದ್ದರೆ ಹರಿದು ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಒಬ್ಬನೇ ಕೊಟ್ಟ ದೂರಿಗಿಂತ ನಾಲ್ಕು ಮನೆಯವರು ಸೇರಿ ಕೊಟ್ಟರೆ ಬೇಗ ಕೇಳುತ್ತಾರೆ.